ಅಂಕ ಕೊಡುವ ಆಟದಿಂದ ಆರ್ಥಿಕ ಅಪರಾಧದ ತನಿಖೆಯನ್ನು ಕಲಿಸಬಹುದೇ?

ತರಬೇತುದಾರ

ಆರ್ಥಿಕ ಅಪರಾಧಗಳ ತನಿಖೆ ನಡೆಸುವವರಿಗೆ ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಹಣದ ಜಾಡು ಹಿಡಿಯುವುದನ್ನು ಕಲಿಸುವ ಕೆಲಸ ನನ್ನದು. ಮೂರು ದಿನಗಳ ತರಗತಿ, ಇನ್ನೂರಕ್ಕೂ ಹೆಚ್ಚು ಸ್ಲೈಡುಗಳು, ಕೊನೆಗೊಂದು ಪರೀಕ್ಷೆ ಇರುತ್ತದೆ. ಪರೀಕ್ಷೆಯಲ್ಲಿ ಎಲ್ಲರೂ ಚೆನ್ನಾಗಿಯೇ ಉತ್ತರಿಸುತ್ತಾರೆ. ಆದರೆ ಹೀಗೆ ತೇರ್ಗಡೆಯಾದ ಒಬ್ಬ ಅಧಿಕಾರಿ ಎರಡು ತಿಂಗಳ ಬಳಿಕ ಒಂದು ಶೋಧದಲ್ಲಿ ಕ್ರಿಪ್ಟೊ ಹಣದ ಕೀಲಿಗಳನ್ನು ಇಟ್ಟುಕೊಳ್ಳುವ ಹಾರ್ಡ್‌ವೇರ್ ವಾಲೆಟ್ ಎಂಬ ಸಾಧನವೊಂದನ್ನು ವಶಪಡಿಸಿಕೊಂಡು, ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಒತ್ತಿ, ಕಪಾಟಿನಲ್ಲಿ ಭದ್ರಪಡಿಸಿದರು. ಮರುದಿನ ನೋಡಿದರೆ ಮುದ್ರೆ ಇದ್ದ ಹಾಗೆಯೇ ಇತ್ತು, ಹಣ ಮಾತ್ರ ಇರಲಿಲ್ಲ. ಆರೋಪಿಯ ಕಡೆಯವರು ಯಾರೋ ವಾಲೆಟ್ಟನ್ನು ಮರಳಿ ಪಡೆಯುವ ಹನ್ನೆರಡು ಪದಗಳನ್ನು ಬೇರೊಂದು ಸಾಧನದಲ್ಲಿ ತುಂಬಿ, ಎಲ್ಲವನ್ನೂ ಹೊಸ ವಿಳಾಸಕ್ಕೆ (ಖಾತೆ ಸಂಖ್ಯೆಯಂಥದ್ದು) ಸಾಗಿಸಿಬಿಟ್ಟಿದ್ದರು. ಆ ಹನ್ನೆರಡು ಪದಗಳ ಬಗ್ಗೆ ನನ್ನ ತರಗತಿಯಲ್ಲಿ ನಾಲ್ಕು ಸ್ಲೈಡುಗಳಿದ್ದವು. ಅದೇ ಅಧಿಕಾರಿ ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿದ್ದರು.

ಈಗ ತರಗತಿಯ ಬದಲು ಆಟದ ರೂಪದಲ್ಲಿ ತರಬೇತಿ ನೀಡಬೇಕೆಂಬ ಪ್ರಸ್ತಾವ ಬಂದಿದೆ. ಕಂಪ್ಯೂಟರಿನಲ್ಲಿ ಆಡುವ, ಸಮಯದ ಮಿತಿಯಿರುವ, ಗೆದ್ದವರ ಹೆಸರು ಅಂಕಪಟ್ಟಿಯಲ್ಲಿ ಮೇಲೇರುವ ಆಟವೊಂದನ್ನು ಮಾಡಿಕೊಡಲು ಒಂದು ತಂಡ ಸಿದ್ಧವಿದೆ. ಮೇಜಿನ ಸುತ್ತ ಕುಳಿತು ಕಾಗದದ ಚೀಟಿಗಳಲ್ಲೇ ಆಡಿಸುವ ಅಗ್ಗದ ದಾರಿಯೂ ಇದೆ. ಇಂಥದ್ದನ್ನು ನಡೆಸಿದವರು, ಆಡಿದವರು, ಆಡಿ ಬೇಸತ್ತವರು ಇಲ್ಲಿದ್ದರೆ ದಯವಿಟ್ಟು ಅನುಭವವನ್ನು ತಿಳಿಸಿ.

ಜಾಡುಗಾರ

ತಾವು ಹೇಳಿದ ಘಟನೆಯೇ ತಮ್ಮ ಪ್ರಶ್ನೆಗೆ ಉತ್ತರವಾಗಿದೆ. ಆ ಅಧಿಕಾರಿಗೆ ತಿಳಿವಳಿಕೆ ಇತ್ತು, ಅಭ್ಯಾಸ ಇರಲಿಲ್ಲ. ವಾಹನವನ್ನೋ ದಾಖಲೆಪತ್ರವನ್ನೋ ಜಪ್ತಿ ಮಾಡಿದರೆ ಅದು ನಮ್ಮ ಕೈಯಲ್ಲಿರುತ್ತದೆ. ಇಪ್ಪತ್ತು ವರ್ಷ ಅದನ್ನೇ ಮಾಡಿದ ಕೈ ವಾಲೆಟ್ಟನ್ನು ಕಂಡಾಗಲೂ ಲಕೋಟೆಯನ್ನೇ ಹುಡುಕುತ್ತದೆ. ವಾಲೆಟ್ ಸಾಧನದಲ್ಲಿ ನಾಣ್ಯ ಇರುವುದೇ ಇಲ್ಲ, ಇರುವುದು ಕೀಲಿ ಮಾತ್ರ, ಮತ್ತು ಕೀಲಿಗೆ ಎಷ್ಟು ಪ್ರತಿಗಳಿವೆ ಎಂಬುದು ವಶಪಡಿಸಿಕೊಂಡವರಿಗೆ ಗೊತ್ತಿರುವುದಿಲ್ಲ. ಅಧಿಕಾರ ಪತ್ರ ಕೈಯಲ್ಲಿದ್ದರೆ ಅಲ್ಲೇ, ಆಗಲೇ, ಹಣವನ್ನು ಇಲಾಖೆಯ ಹಿಡಿತದಲ್ಲಿರುವ ವಿಳಾಸಕ್ಕೆ ವರ್ಗಾಯಿಸಿಕೊಳ್ಳಬೇಕು. ಆಟದಲ್ಲಿ ಒಮ್ಮೆ ಅವರ ಕಣ್ಣೆದುರೇ ಹಣ ಮಾಯವಾಗಲಿ. ನಾಲ್ಕಲ್ಲ, ನಲವತ್ತು ಸ್ಲೈಡುಗಳಿಂದಲೂ ಆಗದ ಕೆಲಸ ಅದರಿಂದ ಆಗುತ್ತದೆ.

ಹಳೇಕಡತ

ನನಗೆ ಒಪ್ಪಿಗೆಯಿಲ್ಲ. ತನಿಖೆಯಲ್ಲಿ ಬೆನ್ನಟ್ಟುವ ರೋಮಾಂಚನ ಇರುವುದು ಒಂದಂಶ. ಮಿಕ್ಕದ್ದೆಲ್ಲ ಪತ್ರ ಬರೆಯುವುದು, ಉತ್ತರಕ್ಕೆ ಕಾಯುವುದು, ಬಂದ ಉತ್ತರದಲ್ಲಿ ಕೇಳಿದ್ದು ಇಲ್ಲವೆಂದು ಮತ್ತೆ ಬರೆಯುವುದು. ಅದನ್ನು ಯಾವ ಆಟವೂ ತೋರಿಸುವುದಿಲ್ಲ, ಏಕೆಂದರೆ ತೋರಿಸಿದರೆ ಯಾರೂ ಆಡುವುದಿಲ್ಲ. ಆಟವಾಡಿ ಬಂದ ಹುಡುಗರು ಮೂರನೆಯ ಜ್ಞಾಪನಾ ಪತ್ರ ಬರೆಯುವ ಹೊತ್ತಿಗೆ ಆಸಕ್ತಿ ಕಳೆದುಕೊಂಡಿರುತ್ತಾರೆ.

ಮೇಜಿನಾಚೆ

ಹಳೇಕಡತ ಅವರೇ, ಆಟವೆಂದರೆ ರೋಮಾಂಚನ ಎಂಬ ಕಲ್ಪನೆಯಲ್ಲೇ ತಕರಾರಿದೆ. ಪ್ರಷ್ಯದ ಸೈನ್ಯ 1824ರಲ್ಲಿ ಅಧಿಕಾರಿಗಳ ತರಬೇತಿಗೆ ಯುದ್ಧದಾಟವನ್ನು ತಂದಾಗ ಅದರ ಮುಖ್ಯ ಗುಣ ಮಾಹಿತಿಯನ್ನು ಮರೆಮಾಚುವುದಾಗಿತ್ತು. ನಿಮ್ಮ ಪಡೆಗೆ ಕಾಣುವಷ್ಟೇ ನಿಮಗೆ ಕಾಣುತ್ತಿತ್ತು, ಮಿಕ್ಕದ್ದು ನಡುವೆ ಕುಳಿತ ತೀರ್ಪುಗಾರನಿಗೆ ಮಾತ್ರ ಗೊತ್ತಿರುತ್ತಿತ್ತು. ವಿಮಾನ ಚಾಲಕರ ವಿಷಯದಲ್ಲೂ ಅಷ್ಟೆ. ಎಡ್ವಿನ್ ಲಿಂಕ್ 1929ರ ಸುಮಾರಿಗೆ ತಯಾರಿಸಿದ ಅಣಕು ವಿಮಾನವನ್ನು ಮೊದಮೊದಲು ಜಾತ್ರೆಯ ಆಟಿಕೆಯಂತೆಯೇ ಕಂಡರು. ಅಮೆರಿಕದ ಸೈನ್ಯ 1934ರಲ್ಲಿ ಅಂಚೆ ಸಾಗಿಸಲು ಹೋಗಿ, ಕೆಟ್ಟ ಹವೆಯಲ್ಲಿ ಚಾಲಕರನ್ನು ಸಾಲಾಗಿ ಕಳೆದುಕೊಂಡ ಮೇಲೆಯೇ ಅದನ್ನು ಕೊಂಡುಕೊಂಡದ್ದು. ಕ್ರಿಪ್ಟೊ ವಿಷಯದಲ್ಲಿ ಐರೋಪ್ಯ ಒಕ್ಕೂಟದ ಪೊಲೀಸ್ ಸಂಸ್ಥೆಯಾದ ಯುರೋಪೋಲ್ ಕೂಡ ಜಾಡು ಹಿಡಿಯುವ ತರಬೇತಿಗೆಂದೇ ಒಂದು ಆಟವನ್ನು 2019ರಲ್ಲಿ ಹೊರತಂದಿದೆ. ಆದ್ದರಿಂದ ಇದು ನಿನ್ನೆ ಮೊನ್ನೆಯ ಹುಚ್ಚಲ್ಲ.

ತಿದ್ದುಗಾರ

ಒಂದು ಸಣ್ಣ ತಿದ್ದುಪಡಿ. ಪ್ರಷ್ಯದ ಆಟವನ್ನು ಮೊದಲು ರೂಪಿಸಿದವರು ತಂದೆ ರೈಸ್‌ವಿಟ್ಸ್, ಅದೂ 1812ರ ವೇಳೆಗೆ. 1824ರಲ್ಲಿ ಸೈನ್ಯ ಒಪ್ಪಿಕೊಂಡದ್ದು ಮಗ ಪರಿಷ್ಕರಿಸಿದ ರೂಪವನ್ನು. ಇದನ್ನು ಹೇಳುವುದಕ್ಕೆ ಕಾರಣವಿದೆ. ಆ ನಿಯಮಗಳು ಬರಬರುತ್ತಾ ಎಷ್ಟು ಜಟಿಲವಾದವೆಂದರೆ, 1876ರಲ್ಲಿ ಇನ್ನೊಬ್ಬ ಸೇನಾಧಿಕಾರಿ ದಾಳ, ಕೋಷ್ಟಕಗಳನ್ನೆಲ್ಲ ಬದಿಗಿಟ್ಟು, ಅನುಭವಿಯಾದ ತೀರ್ಪುಗಾರನ ವಿವೇಚನೆಗೇ ಎಲ್ಲವನ್ನೂ ಬಿಡಬೇಕೆಂದು ವಾದಿಸಿದರು. ಸಾಫ್ಟ್‌ವೇರ್ ಕೊಳ್ಳಬೇಕೋ, ಅನುಭವಿಯೊಬ್ಬರನ್ನು ಮೇಜಿನ ತಲೆಗೆ ಕೂರಿಸಬೇಕೋ ಎಂಬ ನಮ್ಮ ಚರ್ಚೆಯೂ ಅದೇ ಅಲ್ಲವೇ?

ಮೇಜಿನಾಚೆ

ತಿದ್ದುಪಡಿಯನ್ನು ಒಪ್ಪಿದೆ. ಪ್ರಶ್ನೆಯನ್ನೂ ಒಪ್ಪಿದೆ.

ಕೊಂಡಿ_ಕಳಚಿ

ತಂತ್ರಜ್ಞಾನದ ಕಡೆಯಿಂದ ಎರಡು ಮಾತು, ಸ್ವಲ್ಪ ಉದ್ದವಾಗುತ್ತದೆ, ಕ್ಷಮೆಯಿರಲಿ.

ಬಿಟ್‌ಕಾಯಿನ್ ಜಾಡು ಹಿಡಿಯುವ ಕೆಲಸವೆಲ್ಲ ಕೆಲವು ಊಹೆಗಳ ಮೇಲೆ ನಿಂತಿದೆ. ಮೊದಲನೆಯದು, ಒಂದೇ ವ್ಯವಹಾರದಲ್ಲಿ ಹಲವು ವಿಳಾಸಗಳಿಂದ ಹಣ ಹೊರಟಿದ್ದರೆ ಆ ವಿಳಾಸಗಳೆಲ್ಲ ಒಬ್ಬನವೇ ಎಂಬ ಊಹೆ. ಇದನ್ನು ಬಿಟ್‌ಕಾಯಿನ್ ಸ್ಥಾಪಕರೇ 2008ರ ಮೂಲ ಪ್ರಬಂಧದಲ್ಲಿ ಖಾಸಗಿತನಕ್ಕಿರುವ ಕುಂದೆಂದು ಬರೆದಿದ್ದಾರೆ. ಎರಡನೆಯದು ಚಿಲ್ಲರೆಯ ಊಹೆ. ವಿಳಾಸಕ್ಕೆ ಬಂದ ಮೊತ್ತವೊಂದನ್ನು ಪೂರ್ತಿಯಾಗಿಯೇ ಖರ್ಚು ಮಾಡಬೇಕಾದ್ದರಿಂದ, ಉಳಿದದ್ದು ಕಳುಹಿಸಿದವನದೇ ಇನ್ನೊಂದು ವಿಳಾಸಕ್ಕೆ ಚಿಲ್ಲರೆಯಾಗಿ ಮರಳುತ್ತದೆ. ಯಾವುದು ಪಾವತಿ, ಯಾವುದು ಚಿಲ್ಲರೆ ಎಂದು ಗುರುತಿಸಿದರೆ ಮುಂದಿನ ಕೊಂಡಿ ಸಿಕ್ಕಿತೆಂದೇ ಲೆಕ್ಕ. ದೊಡ್ಡ ಮೊತ್ತದಿಂದ ಸಿಪ್ಪೆ ಸುಲಿದಂತೆ ಸ್ವಲ್ಪಸ್ವಲ್ಪವೇ ಬೇರ್ಪಡಿಸಿ ಸಾಗಿಸುವ ಸರಪಳಿಗಳನ್ನು ಬಿಡಿಸುವುದು ಹೀಗೆಯೇ.

ಈ ಎರಡನ್ನೂ ಯಾವ ಆಟವಾದರೂ ಕಲಿಸುತ್ತದೆ. ನಾನು ಕಂಡ ಕೆಲವು ಆಟಗಳ ದೋಷವೆಂದರೆ ಅವುಗಳಲ್ಲಿ ಊಹೆ ಎಂದಿಗೂ ಸುಳ್ಳಾಗುವುದಿಲ್ಲ. ನಿಜ ಜೀವನದಲ್ಲಿ ಕಾಯಿನ್‌ಜಾಯಿನ್ ಎಂಬ ವ್ಯವಸ್ಥೆಯಿದೆ. ಪರಸ್ಪರ ಪರಿಚಯವೇ ಇಲ್ಲದ ಐವರು ಸೇರಿ ಒಂದೇ ವ್ಯವಹಾರಕ್ಕೆ ಸಹಿ ಹಾಕುತ್ತಾರೆ. ಐದು ಕಡೆಯಿಂದ ಹಣ ಒಳಬರುತ್ತದೆ, ಐದು ಸಮಾನ ಮೊತ್ತಗಳಾಗಿ ಹೊರಹೋಗುತ್ತದೆ. ಮೊದಲ ಊಹೆಯನ್ನು ಕುರುಡಾಗಿ ನಂಬಿದವನು ಈ ಐವರು ಅಪರಿಚಿತರನ್ನು ಒಂದೇ ಗುಂಪಿಗೆ ಕಟ್ಟಿಹಾಕುತ್ತಾನೆ, ಅದರ ಮೇಲೆ ಇನ್ನೊಂದು ಊಹೆಯನ್ನು ಕಟ್ಟುತ್ತಾನೆ, ನಾಲ್ಕನೆಯ ಹೆಜ್ಜೆಗೆ ಯಾರದೋ ನಿವೃತ್ತಿಯ ಉಳಿತಾಯ ಕಳ್ಳಹಣವಾಗಿರುತ್ತದೆ. ಆಟದ ಮೂರನೆಯ ಸುತ್ತಿನಲ್ಲಿ, ಯಾವ ಸೂಚನೆಯನ್ನೂ ಕೊಡದೆ, ಇಂಥ ಒಂದು ವ್ಯವಹಾರವನ್ನು ಇಡಿ. ಯಾರು ನಿಲ್ಲುತ್ತಾರೆ, ಯಾರು ಓಡುತ್ತಾರೆ ಎಂಬುದನ್ನು ನೋಡಿ.

ಇನ್ನೊಂದು ವಿಷಯ. ವಿಳಾಸಕ್ಕೆ ಹೆಸರು ಬರುವುದು ಹೇಗೆ ಎಂಬುದನ್ನೂ ಆಡಿಸಬೇಕು. ಹತ್ತು ಹನ್ನೆರಡು ವರ್ಷಗಳ ಹಿಂದೆ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಬೇರೆ ಸೇವೆಗಳಲ್ಲಿ ತಾವೇ ಸಣ್ಣಪುಟ್ಟ ವ್ಯವಹಾರಗಳನ್ನು ಮಾಡಿ, ತಮ್ಮ ನಾಣ್ಯ ಯಾವ ವಿಳಾಸಕ್ಕೆ ಸೇರಿತೆಂಬುದನ್ನು ನೋಡಿ ಗುರುತಿನ ಚೀಟಿ ಅಂಟಿಸಿದರು. ಇಂದು ನಾವು ಕೊಳ್ಳುವ ಸಾಧನಗಳು ತೆರೆಯ ಮೇಲೆ ತೋರಿಸುವ ಹೆಸರುಗಳ ಹಿಂದೆಯೂ ಇಂಥ ಯಾರದೋ ಕೈಕೆಲಸವಿದೆ. ಹೆಸರು ಯಂತ್ರದಿಂದ ಉದುರಿ ಬಂದದ್ದೆಂದು ನಂಬುವ ಅಧಿಕಾರಿ ನ್ಯಾಯಾಲಯದಲ್ಲಿ ಒಂದು ಪ್ರಶ್ನೆಗೂ ನಿಲ್ಲಲಾರ.

ಪಾಟೀಸವಾಲು

ಕೊನೆಯ ವಾಕ್ಯಕ್ಕೆ ನನ್ನ ಸಾಕ್ಷ್ಯವಿದೆ. ಒಂದು ಪ್ರಕರಣದಲ್ಲಿ ನಾನು ಆರೋಪಿಯ ಪರ ಇದ್ದೆ. ತನಿಖಾಧಿಕಾರಿ ಬಣ್ಣಬಣ್ಣದ ನಕ್ಷೆಯೊಂದನ್ನು ಹಾಜರುಪಡಿಸಿ, ಈ ವಿಳಾಸ ಆರೋಪಿಯದೇ ಎಂದರು. ಹೇಗೆ ಗೊತ್ತೆಂದು ಕೇಳಿದೆ. ಸಾಫ್ಟ್‌ವೇರ್ ಹೇಳಿತು ಎಂದರು. ಸಾಫ್ಟ್‌ವೇರ್‌ಗೆ ಹೇಗೆ ಗೊತ್ತೆಂದು ಕೇಳಿದೆ. ಅಲ್ಲಿಗೆ ಪಾಟೀ ಸವಾಲು ಹೆಚ್ಚುಕಡಿಮೆ ಮುಗಿದಿತ್ತು. ಆ ಅಧಿಕಾರಿ ಸುಳ್ಳು ಹೇಳುತ್ತಿರಲಿಲ್ಲ, ಬಹುಶಃ ಅವರು ತಲುಪಿದ ತೀರ್ಮಾನವೂ ಸರಿಯೇ ಇತ್ತು. ಅಲ್ಲಿಗೆ ತಲುಪಿದ ದಾರಿಯನ್ನು ಮಾತ್ರ ಅವರು ನಡೆದಿರಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ: ಆಟ ಹಣ ಸಿಕ್ಕಲ್ಲಿಗೆ ಮುಗಿಯಬಾರದು. ಕೊನೆಯ ಸುತ್ತಿನಲ್ಲಿ ಆಟಗಾರರನ್ನು ಸಾಕ್ಷಿ ಕಟ್ಟೆಯಲ್ಲಿ ನಿಲ್ಲಿಸಿ, ಎದುರಿಗೆ ನನ್ನಂಥ ಒಬ್ಬರನ್ನು ಬಿಡಿ.

ಹಳೇಕಡತ

ತಾವು ಹೇಳಿದಂಥ ಆಟವಾದರೆ ನಾನು ಟಿಕೆಟ್ ಕೊಂಡು ನೋಡಲು ಬರುತ್ತೇನೆ.

ಲೆಕ್ಕಿಗ

ಅಂಕಗಳ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವಿಷಯ ಅಲ್ಲೇ ಇದೆ. ನಾನು ಭಾಗವಹಿಸಿದ ಒಂದು ತರಬೇತಿಯಲ್ಲಿ ಅನುಮಾನಾಸ್ಪದ ಖಾತೆಯನ್ನು ಗುರುತಿಸಿದರೆ ಹತ್ತು ಅಂಕ, ಬೇಗ ಗುರುತಿಸಿದರೆ ಇನ್ನೈದು. ತಪ್ಪು ಗುರುತಿಸಿದರೆ ಕಳೆಯುವುದೇನೂ ಇರಲಿಲ್ಲ. ಊಟದ ಹೊತ್ತಿಗೆ ಒಂದು ತಂಡ ಈ ಮರ್ಮವನ್ನು ಹಿಡಿದು ಪಟ್ಟಿಯಲ್ಲಿದ್ದ ಪ್ರತಿಯೊಂದು ಖಾತೆಯನ್ನೂ ಅನುಮಾನಾಸ್ಪದವೆಂದು ಗುರುತು ಹಾಕಿತು, ಮೊದಲ ಬಹುಮಾನವನ್ನೂ ಗೆದ್ದಿತು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಆ ತಂಡದಲ್ಲಿಯೂ ನಾನಿದ್ದೆ ಎಂಬುದನ್ನು ಒಪ್ಪಿಕೊಳ್ಳುವುದು ಒಳ್ಳೆಯದು.

ಆಟ ಕಲಿಸುವುದು ಅದರ ಕತೆಯನ್ನಲ್ಲ, ಅದರ ಅಂಕವನ್ನು. ವೇಗಕ್ಕೆ ಅಂಕ ಕೊಟ್ಟರೆ ಆತುರವನ್ನು ಕಲಿಯುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ತನಿಖೆಗೂ ಸಲ್ಲುತ್ತದೆ. ನಿರಪರಾಧಿಯ ಖಾತೆಯನ್ನು ತಡೆಹಿಡಿದರೆ ಗಳಿಸಿದ್ದರಲ್ಲಿ ಅರ್ಧ ಹೋಗಬೇಕು. "ಇಷ್ಟು ಆಧಾರದಿಂದ ಹೇಳಲಾಗದು" ಎಂದು ಬರೆದು, ಅದು ನಿಜವಾಗಿಯೂ ಹೇಳಲಾಗದ್ದೇ ಆಗಿದ್ದರೆ, ಪೂರ್ಣ ಅಂಕ ಸಿಗಬೇಕು.

ಜಾಡುಗಾರ

ಲೆಕ್ಕಿಗ ಅವರೇ, ವೇಗಕ್ಕೆ ಅಂಕವೇ ಬೇಡವೆಂದರೆ ನಾನು ಒಪ್ಪುವುದಿಲ್ಲ. ಕೆಲವು ಕಡೆ ನಿಮಿಷಗಳೇ ನಿರ್ಣಾಯಕ. ಸಿಲ್ಕ್ ರೋಡ್ ಎಂಬ ಆನ್‌ಲೈನ್ ಕಳ್ಳ ಮಾರುಕಟ್ಟೆಯನ್ನು ನಡೆಸುತ್ತಿದ್ದವನನ್ನು 2013ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗ್ರಂಥಾಲಯವೊಂದರಲ್ಲಿ ಹಿಡಿದಾಗ ಇಬ್ಬರು ಅಧಿಕಾರಿಗಳು ಹಿಂದೆ ನಿಂತು ಜಗಳವಾಡುವಂತೆ ನಟಿಸಿದರು. ಅವನು ತಿರುಗಿ ನೋಡಿದ ಕ್ಷಣದಲ್ಲಿ ತೆರೆದಿದ್ದ ಲ್ಯಾಪ್‌ಟಾಪನ್ನು ಸೆಳೆದುಕೊಂಡರು. ಮುಚ್ಚಳ ಮುಚ್ಚಿದ್ದರೆ ಎಲ್ಲವೂ ಗೂಢಲಿಪಿಯ ಹಿಂದೆ ಸೇರಿಬಿಡುತ್ತಿತ್ತು. ಶೋಧ ಮತ್ತು ಜಪ್ತಿಯ ಸುತ್ತಿಗೆ ಗಡಿಯಾರ ಬೇಕು. ವಿಶ್ಲೇಷಣೆಯ ಸುತ್ತಿಗೆ ಬೇಡ.

ಹೊಸಬ

ಗಡಿಯಾರ ಬೇಡವೆಂಬುದಕ್ಕೆ ಇನ್ನೊಂದು ಪ್ರಕರಣ ಇದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಬಿಟ್‌ಫಿನೆಕ್ಸ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರದಿಂದ 2016ರ ಆಗಸ್ಟ್‌ನಲ್ಲಿ 1,19,754 ಬಿಟ್‌ಕಾಯಿನ್‌ಗಳು ಕಳವಾದವು. ಬಂಧನವಾದದ್ದು 2022ರ ಫೆಬ್ರುವರಿಯಲ್ಲಿ. ಅಲ್ಲಿಯವರೆಗೂ ಆ ನಾಣ್ಯಗಳ ಬಹುಪಾಲು ಎಲ್ಲರ ಕಣ್ಣೆದುರೇ ಒಂದು ವಾಲೆಟ್‌ನ ವಿಳಾಸಗಳಲ್ಲಿ ಕುಳಿತಿತ್ತು. ಸ್ವಲ್ಪ ಪಾಲು ಮಾತ್ರ ಸುತ್ತಿ ಬಳಸಿ ಆರೋಪಿಗಳ ಹೆಸರಿನ ಖಾತೆಗಳನ್ನು ತಲುಪಿತ್ತು. ಕೊನೆಗೆ ಕೀಲಿಗಳು ಸಿಕ್ಕಿದ್ದು ಅವರಲ್ಲೊಬ್ಬ ಆನ್‌ಲೈನ್‌ನಲ್ಲಿ ಕಾಪಿಟ್ಟುಕೊಂಡಿದ್ದ ಒಂದು ಗೂಢಲಿಪೀಕೃತ ಕಡತದಲ್ಲಿ. ತೊಂಬತ್ತನಾಲ್ಕು ಸಾವಿರಕ್ಕೂ ಹೆಚ್ಚು ನಾಣ್ಯಗಳು ಒಮ್ಮೆಗೇ ವಶವಾದವು. ಐದೂವರೆ ವರ್ಷದ ಈ ತಾಳ್ಮೆಯನ್ನು ನಲವತ್ತು ನಿಮಿಷದ ಆಟದಲ್ಲಿ ಕಲಿಸುವುದು ಹೇಗೆ?

ಮೇಜಿನಾಚೆ

ಆಟವನ್ನು ಆರು ವಾರಕ್ಕೆ ಹಿಗ್ಗಿಸಿದರೆ ಆಗುತ್ತದೆ. ನಾವು ಒಮ್ಮೆ ಹಾಗೆಯೇ ಮಾಡಿದ್ದೆವು. ಮೊದಲ ದಿನ ಮೇಜಿನ ಮೇಲೆ ಎರಡು ಗಂಟೆ, ಬಳಿಕ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ. ಆಟಗಾರರು ವಿನಿಮಯ ಕೇಂದ್ರಕ್ಕೆ ಮಾಹಿತಿ ಕೋರಿ ಪತ್ರ ಬರೆಯಬೇಕು. ತೀರ್ಪುಗಾರ ಹತ್ತು ದಿನ ಬಿಟ್ಟು ಉತ್ತರಿಸುತ್ತಾನೆ. ಕೇಳುವುದನ್ನು ಸರಿಯಾಗಿ ಕೇಳದಿದ್ದರೆ ಉತ್ತರವೂ ಹಾಗೆಯೇ ಇರುತ್ತದೆ. ಯಾವ ಅಂತರ್ಜಾಲ ಸಂಪರ್ಕದಿಂದ ಲಾಗಿನ್ ಆದರೆಂದು ತೋರಿಸುವ ಐಪಿ ವಿಳಾಸಗಳನ್ನು ಕೇಳಲು ಮರೆತ ತಂಡಕ್ಕೆ ಹೆಸರು ಮತ್ತು ಛಾಯಾಚಿತ್ರ ಮಾತ್ರ ಬಂತು, ಅವೆರಡೂ ಬಾಡಿಗೆ ಮನುಷ್ಯನವು. ಹಳೇಕಡತ ಅವರು ಹೇಳಿದ ಮೂರನೆಯ ಜ್ಞಾಪನಾ ಪತ್ರವನ್ನೂ ಬರೆಸಿದೆವು.

ಮರೆಗುಳಿ

ಆರು ವಾರದ ಲೆಕ್ಕಕ್ಕೆ ಇನ್ನೊಂದು ಸಮರ್ಥನೆಯೂ ಇದೆ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದಂತೆ, ಕಲಿತದ್ದು ಮೊದಲ ಗಂಟೆ, ಮೊದಲ ದಿನಗಳಲ್ಲೇ ಅತಿ ವೇಗವಾಗಿ ಸೋರಿಹೋಗುತ್ತದೆ. ಬಿಡುವು ಕೊಟ್ಟು ಮರುಕಲಿತದ್ದು ಹೆಚ್ಚು ಕಾಲ ನಿಲ್ಲುತ್ತದೆ. ಮೂರನೆಯ ದಿನದ ಸಂಜೆ ಪರೀಕ್ಷೆ ಇಟ್ಟರೆ ತಿಳಿಯುವುದು ಅಂದು ಸಂಜೆ ನೆನಪಿದ್ದದ್ದು ಮಾತ್ರ. ತರಬೇತುದಾರರು ಮೊದಲು ಬದಲಾಯಿಸಬೇಕಾದದ್ದು ಪರೀಕ್ಷೆಯ ದಿನಾಂಕವನ್ನು. ಆಟ, ಸ್ಲೈಡು ಎಂಬ ಜಗಳ ಆಮೇಲಿನದು.

ಹೊಸಬ

ಮೇಲಧಿಕಾರಿಗಳಿಗೆ "ಆಟ" ಎಂದು ಬರೆದು ಕಳುಹಿಸಿದರೆ ಹಣ ಮಂಜೂರಾಗುತ್ತದೆಯೇ?

ಪಾಟೀಸವಾಲು

"ಅಣಕು ತನಿಖೆ" ಎಂದು ಬರೆಯಿರಿ. ಅಣಕು ಕಾರ್ಯಾಚರಣೆ ಎಂದರೆ ಯಾರೂ ನಗುವುದಿಲ್ಲ.

ಕೊಂಡಿ_ಕಳಚಿ

ಹಣದ ಮಾತು ಬಂದದ್ದರಿಂದ ಹೇಳುತ್ತೇನೆ: ದುಬಾರಿ ಸಾಫ್ಟ್‌ವೇರ್ ಆಟಕ್ಕೆ ಹಣ ಸುರಿಯುವ ಮೊದಲು ಎರಡು ಬಾರಿ ಯೋಚಿಸಿ. ಈ ಕ್ಷೇತ್ರದಲ್ಲಿ ಪಾಠ ಬೇಗ ಹಳಸುತ್ತದೆ. ಹಲವರ ನಾಣ್ಯಗಳನ್ನು ಬೆರೆಸಿ ಜಾಡು ಮರೆಸುವ ಟಾರ್ನೇಡೊ ಕ್ಯಾಶ್ ಎಂಬ ಮಿಶ್ರಣ ಸೇವೆಯ ಮೇಲೆ ಅಮೆರಿಕದ ಖಜಾನೆ ಇಲಾಖೆ 2022ರ ಆಗಸ್ಟ್‌ನಲ್ಲಿ ನಿರ್ಬಂಧ ಹೇರಿತು, 2025ರ ಮಾರ್ಚ್‌ನಲ್ಲಿ ತಾನೇ ಅದನ್ನು ತೆಗೆಯಿತು. 2023ರಲ್ಲಿ ಮಾಡಿಸಿದ ಆಟದಲ್ಲಿ ಆ ಸೇವೆಯನ್ನು ಮುಟ್ಟಿದವರೆಲ್ಲ ಅಪರಾಧಿಗಳೆಂದು ಅಂಕ ನಿಗದಿಯಾಗಿದ್ದರೆ ಈಗ ಅದನ್ನು ಯಾರು ತಿದ್ದುತ್ತಾರೆ? ಕಾಗದದ ಚೀಟಿಯಾದರೆ ಪೆನ್ನಿನಿಂದ ಗೀಟು ಹಾಕಿದರಾಯಿತು.

ನಿಜವಾದ ಸಾಧನಗಳ ಮೇಲೆ ಕೈಯಾಡಿಸಬೇಕೆಂದಿದ್ದರೆ ಬಿಟ್‌ಕಾಯಿನ್‌ನ ಟೆಸ್ಟ್‌ನೆಟ್ ಎಂಬ ಪರೀಕ್ಷಾ ಜಾಲವಿದೆ. ಅಲ್ಲಿನ ನಾಣ್ಯಗಳು ಬೆಲೆಯಿಲ್ಲದವೆಂದೇ ಉದ್ದೇಶಿಸಿದವು. ಇನ್ನೂ ಅನುಕೂಲವಾದದ್ದು ರೆಗ್‌ಟೆಸ್ಟ್. ಅದು ನಿಮ್ಮದೇ ಕಂಪ್ಯೂಟರಿನಲ್ಲಿ ನಡೆಯುವ ಖಾಸಗಿ ಸರಪಳಿ (ಬ್ಲಾಕ್‌ಚೈನ್); ವ್ಯವಹಾರಗಳು ದಾಖಲಾಗುವ ಹೊಸ ಬ್ಲಾಕಿಗಾಗಿ ಸರಾಸರಿ ಹತ್ತು ನಿಮಿಷ ಕಾಯದೆ, ಬೇಕೆಂದಾಗ ಒಂದು ಆದೇಶ ಕೊಟ್ಟು ಸೃಷ್ಟಿಸಿಕೊಳ್ಳಬಹುದು. ಅಪರಾಧಿಯ ಪಾತ್ರಧಾರಿ ಪಕ್ಕದ ಕೋಣೆಯಲ್ಲಿ ಕುಳಿತು ಹಣ ಸಾಗಿಸಲಿ.

ಒಂದು ಎಚ್ಚರಿಕೆ: ಮುಖ್ಯ ಜಾಲದ ನಿಜವಾದ ವಿಳಾಸಗಳನ್ನು ಆಟಕ್ಕೆ ಬಳಸಬೇಡಿ. ಅವುಗಳ ಹಿಂದೆ ಯಾರೋ ಇರುತ್ತಾರೆ. ಆಟದಲ್ಲಿ ಅಪರಾಧಿ ಎಂದು ಬರೆದ ಚೀಟಿ ಯಾವುದಾದರೂ ಕಡತ ಸೇರಿದರೆ ಹೊರತೆಗೆಯುವುದು ಕಷ್ಟ.

ಲೆಕ್ಕಿಗ

ಪಕ್ಕದ ಕೋಣೆಯ ವಿಚಾರ ಬಹಳ ಹಿಡಿಸಿತು. ತನಿಖಾಧಿಕಾರಿಗಳೇ ಸರದಿಯ ಮೇಲೆ ಅಪರಾಧಿಗಳಾಗಲಿ. ಹಣ ಬಚ್ಚಿಡುವುದು ಎಷ್ಟು ಬೇಸರದ, ಎಷ್ಟು ತಪ್ಪುಗಳಾಗುವ ಕೆಲಸವೆಂದು ತಿಳಿದವನಿಗೆ ತಪ್ಪನ್ನು ಎಲ್ಲಿ ಹುಡುಕಬೇಕೆಂದೂ ತಿಳಿಯುತ್ತದೆ.

ಹಳೇಕಡತ

ಸರದಿಯ ಮೇಲೆ ಅಪರಾಧಿಗಳಾಗುವುದನ್ನು ಆಟದಲ್ಲಷ್ಟೇ ಇಟ್ಟುಕೊಳ್ಳಿ. ಸಿಲ್ಕ್ ರೋಡ್ ತನಿಖೆಯಲ್ಲಿದ್ದ ಇಬ್ಬರು ಅಧಿಕಾರಿಗಳೇ ಬಿಟ್‌ಕಾಯಿನ್ ಲಪಟಾಯಿಸಿ 2015ರಲ್ಲಿ ತಪ್ಪೊಪ್ಪಿಕೊಂಡು ಜೈಲು ಸೇರಿದರು. ಅವರ ಹಣದ ಜಾಡೂ ಅದೇ ಬಿಟ್‌ಕಾಯಿನ್ ಸರಪಳಿಯಲ್ಲಿ ಸಿಕ್ಕಿತು. ಆದ್ದರಿಂದ ವರ್ಗಾವಣೆಯ ಪ್ರತಿಯೊಂದು ಹೆಜ್ಜೆಯಲ್ಲೂ ಇಬ್ಬರು ಸಾಕ್ಷಿಗಳಿರಬೇಕು, ಯಾವ ಗಂಟೆಗೆ ಯಾರು ಏನು ಮಾಡಿದರೆಂದು ಬರೆದಿಡಬೇಕು ಎಂಬ ನಿಯಮವನ್ನೂ ಆಟದಲ್ಲಿ ಸೇರಿಸಿ.

ಇಷ್ಟು ಹೇಳಿದ ಮೇಲೂ ನನ್ನದೊಂದು ಆಕ್ಷೇಪ ಉಳಿದಿದೆ. ನಮ್ಮಲ್ಲಿ ನಡೆದ ಅಣಕು ತನಿಖೆಯೊಂದರಲ್ಲಿ ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಹಿರಿಯರೊಬ್ಬರಿದ್ದರು. ಕಿರಿಯರ ಮುಂದೆ ಕೀಲಿಮಣೆ ಮುಟ್ಟಲು ಅವರಿಗೆ ಸಂಕೋಚ. ಅಂಕಪಟ್ಟಿಯನ್ನು ಗೋಡೆಯ ಮೇಲೆ ಮೂಡಿಸಿದ್ದರು; ಅವರ ಹೆಸರು ಕೊನೆಯಲ್ಲಿತ್ತು. ಮಧ್ಯಾಹ್ನದ ತನಕ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದವರು ಒಂದೇ ಪ್ರಶ್ನೆ ಕೇಳಿದರು: "ಇಷ್ಟೆಲ್ಲ ಹಣ ಬಚ್ಚಿಟ್ಟವನು ಮನೆಬಾಡಿಗೆಯನ್ನು ಯಾವುದರಲ್ಲಿ ಕಟ್ಟುತ್ತಾನೆ?" ಕ್ರಿಪ್ಟೊ ಸಾಮಾನ್ಯ ಹಣವಾಗಿ ಹೊರಬಂದ ಕಡೆ ಆ ಪ್ರಶ್ನೆಯಿಂದಲೇ ಸಿಕ್ಕಿತು. ಅಂಕ ಮಾತ್ರ ಕೀಲಿಮಣೆಯ ಮುಂದಿದ್ದ ಹುಡುಗನಿಗೆ ಹೋಯಿತು. ಮರುವರ್ಷ ಅವರು ತರಬೇತಿಗೆ ಬರಲಿಲ್ಲ.

ಜಾಡುಗಾರ

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಂಕಪಟ್ಟಿಯನ್ನು ಗೋಡೆಗೆ ಹಾಕಬಾರದೆಂಬುದನ್ನಂತೂ ಒಪ್ಪುತ್ತೇನೆ.

ಲೆಕ್ಕಿಗ

ವ್ಯಕ್ತಿಗೆ ಅಂಕ ಬೇಡ, ತಂಡಕ್ಕೆ ಇರಲಿ. ಕೀಲಿಮಣೆಯ ಮುಂದೆ ಕುಳಿತವನು ತಾನಾಗಿ ಏನನ್ನೂ ಒತ್ತುವಂತಿಲ್ಲ, ಪಕ್ಕದವರು ಹೇಳಿದ್ದನ್ನು ಮಾತ್ರ ಒತ್ತಬೇಕು ಎಂಬ ನಿಯಮವಿಟ್ಟರೆ ಹಿರಿಯರು ಬಾಯಿಬಿಡಲೇಬೇಕಾಗುತ್ತದೆ, ಕಿರಿಯರು ಕಾರಣ ಕೇಳಲೇಬೇಕಾಗುತ್ತದೆ.

ತರಬೇತುದಾರ

ಎಲ್ಲರಿಗೂ ಕೃತಜ್ಞತೆಗಳು. ಕಂಪ್ಯೂಟರ್ ಆಟದ ಪ್ರಸ್ತಾವವನ್ನು ಸದ್ಯಕ್ಕೆ ತಡೆಹಿಡಿದು, ಮೇಜಿನ ಮೇಲೆ "ಅಣಕು ತನಿಖೆ" ನಡೆಸಲು ಅನುಮತಿ ಕೇಳಿದ್ದೇನೆ. ಜಪ್ತಿಯ ಸುತ್ತು ಗಡಿಯಾರದೊಂದಿಗೆ ಮತ್ತು ಇಬ್ಬರು ಸಾಕ್ಷಿಗಳೊಂದಿಗೆ ನಡೆಯುತ್ತದೆ. ಹಣ ಸಾಗಿಸಲು ಪಕ್ಕದ ಕೋಣೆಯಲ್ಲಿ ಒಬ್ಬರಿರುತ್ತಾರೆ. ಮಿಕ್ಕದ್ದು ಆರು ವಾರ ಪತ್ರವ್ಯವಹಾರದಲ್ಲಿ ಸಾಗಿ ಪಾಟೀ ಸವಾಲಿನಲ್ಲಿ ಮುಗಿಯುತ್ತದೆ. ತಪ್ಪು ಆರೋಪಕ್ಕೆ ಅರ್ಧ ಅಂಕ ಕಡಿತ. ಎರಡು ಕೊರತೆಗಳಿವೆ: ತೀರ್ಪುಗಾರರಾಗಲು ಅನುಭವಿಯೊಬ್ಬರು ಬೇಕು, ಮತ್ತು ಜಪ್ತಿಯ ಸುತ್ತಿನಲ್ಲಿ ಪುಸ್ತಕವೊಂದರ ನಡುವೆ ಬಚ್ಚಿಡಲು ಹನ್ನೆರಡು ಪದಗಳ ಚೀಟಿ ಬೇಕು. ಪದಗಳನ್ನು ಸುಮ್ಮನೆ ಬಾಯಿಗೆ ಬಂದಂತೆ ಆರಿಸಿದರೆ ಸಾಕೇ?

ಹಳೇಕಡತ

ತೀರ್ಪುಗಾರನಾಗಿ ನಾನು ಬರುತ್ತೇನೆ. ಪತ್ರಗಳಿಗೆ ಹತ್ತು ದಿನದಲ್ಲಿ ಉತ್ತರ ಬರುತ್ತದೆಂದು ಮಾತ್ರ ಯಾರೂ ನಂಬಿಕೊಳ್ಳಬಾರದು.

ಕೊಂಡಿ_ಕಳಚಿ

ಪದಗಳನ್ನು ಬಾಯಿಗೆ ಬಂದಂತೆ ಆರಿಸುವುದು ಸಾಲದು. ಅವು 2,048 ಪದಗಳ ನಿಗದಿತ ಪಟ್ಟಿಯಿಂದ ಬಂದಿರಬೇಕು, ಇಲ್ಲದಿದ್ದರೆ ಅನುಭವಿಗಳು ನೋಡಿದೊಡನೆ ನಕಲಿ ಎನ್ನುತ್ತಾರೆ. ಕೊನೆಯ ಪದದಲ್ಲಿ ತಾಳೆ ನೋಡುವ ನಾಲ್ಕು ಬಿಟ್‌ಗಳು (ಸೊನ್ನೆ ಅಥವಾ ಒಂದು ಎಂಬ ಅಂಕೆಗಳು) ಅಡಗಿರುವುದರಿಂದ, ಪಟ್ಟಿಯಿಂದ ಕಣ್ಣುಮುಚ್ಚಿ ಆರಿಸಿದ ಹನ್ನೆರಡು ಪದಗಳು ಹದಿನಾರರಲ್ಲಿ ಒಂದು ಬಾರಿ ನಿಜಕ್ಕೂ ಕೆಲಸ ಮಾಡುವ ವಾಲೆಟ್ ಆಗಿಬಿಡುತ್ತವೆ. ಯಾರಾದರೂ ಉತ್ಸಾಹದಿಂದ ಅದನ್ನು ತಮ್ಮ ಫೋನಿನಲ್ಲಿ ತುಂಬಿ, ನಾಲ್ಕು ಕಾಸು ಹಾಕಿ ನೋಡಿದರೆ, ಚೀಟಿ ಓದಿದ ಮೂವತ್ತು ಮಂದಿಯ ಕೈಯಲ್ಲೂ ಅದರ ಕೀಲಿ ಇರುತ್ತದೆ. ತಾಳೆಯಾಗದ ಚೀಟಿಯನ್ನು ಮಾಡಿ, ಒಮ್ಮೆ ಪರೀಕ್ಷಿಸಿ ಕಳುಹಿಸುತ್ತೇನೆ.